‘ಕಾರ್’ ಎನ್ನುವವರು, ‘ಕಾ’ ಎನ್ನುವವರು



1962ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಮೂರು ದೊಡ್ಡ ಮಳಿಗೆಗಳಲ್ಲಿ ಒಬ್ಬ ವಿಚಿತ್ರ ಗಿರಾಕಿ ಸುತ್ತಾಡುತ್ತಿದ್ದರು. ನಾಲ್ಕನೆಯ ಮಹಡಿಯಲ್ಲಿ ಏನೇನು ಸಿಗುತ್ತದೆಂದು ಮೊದಲೇ ತಿಳಿದುಕೊಂಡು, ಕೆಲಸದವರ ಬಳಿ ಹೋಗಿ ಅದು ಎಲ್ಲಿದೆ ಎಂದು ಕೇಳುತ್ತಿದ್ದರು. ‘ಫೋರ್ತ್ ಫ್ಲೋರ್’ ಎಂಬ ಉತ್ತರ ಬಂದೊಡನೆ, ಸರಿಯಾಗಿ ಕೇಳಿಸದವರಂತೆ ಮುಂದಕ್ಕೆ ಬಾಗಿ ‘ಏನಂದ್ರಿ?’ ಎನ್ನುತ್ತಿದ್ದರು. ಎರಡನೆಯ ಸಲ ಅದೇ ಉತ್ತರ ತುಸು ಬಿಡಿಸಿ, ಒತ್ತಿ ಬರುತ್ತಿತ್ತು. ಆಮೇಲೆ ಕಣ್ಣಿಗೆ ಬೀಳದ ಕಡೆ ಸರಿದು ಗುರುತು ಹಾಕಿಕೊಳ್ಳುತ್ತಿದ್ದರು. ಅವರು ಭಾಷಾವಿಜ್ಞಾನಿ ವಿಲಿಯಂ ಲಬೋವ್. ಆ ಎರಡು ಪದಗಳಲ್ಲಿ ರಕಾರ ಉಳಿದಿದೆಯೋ ಉದುರಿದೆಯೋ ಎಂದು ತಿಳಿಯುವುದಷ್ಟೇ ಅವರಿಗೆ ಬೇಕಿತ್ತು.

ಒಟ್ಟು 264 ಮಂದಿ ಉತ್ತರ ಕೊಟ್ಟರು. ದುಬಾರಿ ಮಳಿಗೆಯಾದ ಸ್ಯಾಕ್ಸ್‌ನಲ್ಲಿ ಶೇ. 62ರಷ್ಟು ಜನ ಎಲ್ಲ ಕಡೆಯೋ ಕೆಲವು ಕಡೆಯೋ ರಕಾರವನ್ನು ಉಚ್ಚರಿಸಿದರು. ನಡುವಿನ ದರ್ಜೆಯ ಮೇಸೀಸ್‌ನಲ್ಲಿ ಈ ಪ್ರಮಾಣ ಶೇ. 51. ಅಗ್ಗದ ಕ್ಲೈನ್ಸ್‌ನಲ್ಲಿ ಶೇ. 20. ಮೇಸೀಸ್‌ನವರು ಎರಡನೆಯ ಸಲ ಹೇಳುವಾಗ ‘ಫ್ಲೋರ್’ ಪದದ ಕೊನೆಯ ರಕಾರ ಎದ್ದು ಕಾಣುವಷ್ಟು ಹೆಚ್ಚಾಯಿತು. ಎಚ್ಚರದಿಂದ ಮಾತಾಡಿದಾಗ ನಾಲಿಗೆ ಮೇಲಿನ ದರ್ಜೆಯ ಕಡೆಗೆ ವಾಲುತ್ತದೆ ಎಂಬುದಕ್ಕೆ ಅದು ಸಾಕ್ಷಿಯಾಯಿತು.

ಇದೇ ರಕಾರದ ಅದೃಷ್ಟ ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಪೂರ್ತಿ ತಿರುವುಮುರುವು. ಲಂಡನ್ನಿನ ಬಾಯಲ್ಲಿ ಸ್ವರದ ನಂತರದ ರಕಾರ ಹದಿನೆಂಟನೆಯ ಶತಮಾನದಲ್ಲೇ ಮೆತ್ತಗಾಗಿತ್ತು. 1791ರಲ್ಲಿ ಪ್ರಕಟವಾದ ಜಾನ್ ವಾಕರ್ ಅವರ ಉಚ್ಚಾರಣೆ ನಿಘಂಟು ಅದನ್ನು ಗುರುತಿಸಿತ್ತು. ಕ್ರಮೇಣ ರಕಾರವಿಲ್ಲದ ‘ಕಾ’ ಓದಿದವರ ಮಾತಾಯಿತು. ಬ್ರಿಸ್ಟಲ್ ಸುತ್ತಮುತ್ತ ಉಳಿದ ‘ಕಾರ್’ ಹಳ್ಳಿಗರದ್ದೆನಿಸಿತು. ನ್ಯೂಯಾರ್ಕಿನಲ್ಲೂ ಒಂದು ಕಾಲಕ್ಕೆ ರಕಾರ ಬಿಡುವುದೇ ಗತ್ತಿನ ಲಕ್ಷಣವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ಗಾಳಿ ತಿರುಗಿತು.

ಹಾಗಾದರೆ ‘ಸರಿಯಾದ ಉಚ್ಚಾರಣೆ’ ಎಂದು ಅಧ್ಯಾಪಕರು ಮಕ್ಕಳನ್ನು ತಿದ್ದುವುದು ಯಾವುದರ ಆಧಾರದ ಮೇಲೆ? ‘ವಾಟರ್’ ಪದವನ್ನೇ ತೆಗೆದುಕೊಳ್ಳಬಹುದು. ಅಮೆರಿಕದಲ್ಲಿ ನಡುವಿನ ಟಕಾರ ನಾಲಿಗೆಯ ತುದಿಯಲ್ಲೊಮ್ಮೆ ತಟ್ಟಿ ‘ವಾಡರ್’ ಎಂಬಂತೆ ಕೇಳಿಸುತ್ತದೆ. ಲಂಡನ್ನಿನ ಬೀದಿಯಲ್ಲಿ ಅದು ಗಂಟಲಲ್ಲೇ ತಡೆದು ನಿಲ್ಲುತ್ತದೆ. ಲೀಡ್ಸ್‌ನವರಿಗೆ ‘ಬ್ಯಾತ್’ ಆದದ್ದು ಲಂಡನ್ನಿನವರಿಗೆ ‘ಬಾತ್’. ಇವರಲ್ಲಿ ಯಾರಿಗೂ ಇಂಗ್ಲಿಷ್ ಬರುವುದಿಲ್ಲ ಎಂದು ಹೇಳುವಂತಿಲ್ಲ.

ಕನ್ನಡದ ನಾಲಿಗೆ ಇಂಗ್ಲಿಷನ್ನು ಬರಮಾಡಿಕೊಂಡ ಬಗೆ ಇನ್ನೂ ಸ್ವಾರಸ್ಯದ್ದು. ಕ್ಲಾಸು, ಪಾಸು, ಗ್ಲಾಸು, ಬಾತ್‌ರೂಮು: ಇವುಗಳ ‘ಆ’ ತೆಂಕಣ ಇಂಗ್ಲೆಂಡಿನದು. ಆದರೆ ಕಾರು, ಡಾಕ್ಟರು, ನಂಬರುಗಳಲ್ಲಿ ಲಂಡನ್ ಬಿಟ್ಟ ರಕಾರ ಗಟ್ಟಿಯಾಗಿ ನಿಂತಿದೆ. ಬರೆದಂತೆ ಓದುವ ಇಲ್ಲಿನ ರೂಢಿ ಅದನ್ನು ಬಿಡಗೊಡಲಿಲ್ಲ. ‘ಥ್ಯಾಂಕ್ಸ್’ ಎನ್ನುವಾಗ ಗಾಳಿ ಹಲ್ಲಿನ ಸಂದಿಯಲ್ಲಿ ಸುಯ್ಯೆನ್ನುವುದಿಲ್ಲ, ತವರ್ಗದ ಸ್ಪರ್ಶವೇ ಬರುತ್ತದೆ. ‘ಎಗ್’ ಎಷ್ಟೋ ಬಾಯಲ್ಲಿ ‘ಯೆಗ್’. ‘ವೈನ್’ ಎಂದಾಗ ಅದು ಮದ್ಯವೋ ಬಳ್ಳಿಯೋ ಎಂಬುದನ್ನು ಸಂದರ್ಭವೇ ಹೇಳಬೇಕು. ಮೂರೇ ಉಚ್ಚಾರಾಂಶಗಳಲ್ಲಿ ಇಂಗ್ಲೆಂಡಿನವರು ಮುಗಿಸುವ ‘ಕಂಫರ್ಟಬಲ್’ ಇಲ್ಲಿ ಒಂದನ್ನೂ ಬಿಡದೆ ಪೂರ್ತಿ ಬಿಚ್ಚಿಕೊಳ್ಳುತ್ತದೆ.

ಇವುಗಳಲ್ಲಿ ಯಾವುದನ್ನು ತಿದ್ದಬೇಕು, ಯಾವುದನ್ನು ಅದರ ಪಾಡಿಗೆ ಬಿಡಬೇಕು? 2000ದಲ್ಲಿ ಭಾಷಾವಿಜ್ಞಾನಿ ಜೆನಿಫರ್ ಜೆಂಕಿನ್ಸ್ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೆ ಬೇರೆ ದಾರಿ ತೋರಿತು. ಬೇರೆ ಬೇರೆ ತಾಯ್ನುಡಿಯವರು ಇಂಗ್ಲಿಷಿನಲ್ಲಿ ಮಾತಾಡುವಾಗ ಒಬ್ಬರ ಮಾತು ಇನ್ನೊಬ್ಬರಿಗೆ ಎಲ್ಲಿ ಅರ್ಥವಾಗದೆ ಹೋಗುತ್ತದೆ ಎಂಬುದು ಅವರ ಹುಡುಕಾಟ. ‘ಥ್ಯಾಂಕ್ಸ್’ನ ಮೊದಲ ಧ್ವನಿಯನ್ನು ಅವರು ಅಗತ್ಯದ ಪಟ್ಟಿಯಿಂದ ಕೈಬಿಟ್ಟರು. ರಕಾರವನ್ನು ಉಚ್ಚರಿಸುವುದೇ ಒಳ್ಳೆಯದೆಂದರು. ‘ವಾಟರ್’ನ ಟಕಾರ ಟಕಾರವಾಗಿಯೇ ಇರಲಿ ಎಂದರು. ಸ್ವರಗಳ ಹ್ರಸ್ವ–ದೀರ್ಘ ಭೇದವೂ ಆ ಪಟ್ಟಿಯಲ್ಲಿದೆ. ಇಷ್ಟರ ಮಟ್ಟಿಗೆ ಕನ್ನಡಿಗರ ನಾಲಿಗೆ ಕಲಿಯದೆಯೇ ಪಾಸು.

ತೊಡಕಿರುವುದು ಅದೇ ಪಟ್ಟಿಯ ಇನ್ನೊಂದು ಅಂಶದಲ್ಲಿ: ವಾಕ್ಯದ ಮುಖ್ಯ ಒತ್ತು. ‘ನಾಳೆ ಬರ್ತೀನಿ’ ಎಂಬುದಕ್ಕೆ ಬಲ ಕೊಡಬೇಕಾದರೆ ಕನ್ನಡ ‘ನಾಳೆಯೇ ಬರ್ತೀನಿ’ ಎನ್ನುತ್ತದೆ. ‘ನಾನೇ ನಾಳೆ ಬರ್ತೀನಿ’ ಎಂದರೆ ಮಾತು ಬೇರೆ. ಒಂದು ‘ಏ’ ಆ ಕೆಲಸವನ್ನೆಲ್ಲ ಮಾಡಿಬಿಡುತ್ತದೆ. ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ದನಿಯ ಏರಿಳಿತವೇ ಆ ಕೆಲಸ ಮಾಡಬೇಕು. ‘ಐ’ ಎಂಬಲ್ಲಿ ಒತ್ತಿದರೆ ಒಂದರ್ಥ, ‘ಟುಮಾರೋ’ ಎಂಬಲ್ಲಿ ಒತ್ತಿದರೆ ಇನ್ನೊಂದು. ಎಲ್ಲ ಪದಗಳನ್ನೂ ಒಂದೇ ತೂಕದಲ್ಲಿ ಆಡಿದರೆ ಒಂದೊಂದು ಅಕ್ಷರ ಸ್ಫುಟವಾಗಿದ್ದರೂ ಮಾತಿನ ಗುರಿ ಕೇಳುವವರಿಗೆ ತಪ್ಪಿಹೋಗುತ್ತದೆ.

ಬೆಂಗಳೂರಿನ ಕಾಲ್‌ಸೆಂಟರ್‌ಗಳು ಉಚ್ಚಾರಣೆ ತರಬೇತಿಯನ್ನೇ ಒಂದು ಉದ್ಯೋಗವಾಗಿಸಿದವು. ತರಗತಿಗಳಲ್ಲಿ ಈಗಲೂ ‘ವ’ ಹೇಳುವಾಗ ತುಟಿ ಹೇಗಿರಬೇಕೆಂದು ಕನ್ನಡಿ ಹಿಡಿದು ಕಲಿಸುವವರಿದ್ದಾರೆ. ವಾಕ್ಯದ ಒತ್ತನ್ನು ಕಲಿಸುವವರು ಅಪರೂಪ. ಈ ಎರಡು ದಿನಗಳ ಸಂಕಿರಣದ ಗೋಷ್ಠಿಗಳ ಮುಂದೆ ಮೂರು ಕೆಲಸಗಳಿವೆ. ಧಾರವಾಡ, ಮಂಗಳೂರು, ಮೈಸೂರು, ಕಲಬುರಗಿಗಳ ಕನ್ನಡ ಒಂದೇ ಅಲ್ಲ. ಅಲ್ಲಿನವರ ಇಂಗ್ಲಿಷ್ ಎಲ್ಲೆಲ್ಲಿ ಬೇರೆಯಾಗುತ್ತದೆ ಎಂಬುದನ್ನು ಧ್ವನಿಮುದ್ರಣಗಳ ಸಮೇತ ದಾಖಲಿಸುವುದು ಮೊದಲನೆಯದು. ಆ ದನಿಗಳನ್ನು ಹೊರಗಿನವರಿಗೆ ಕೇಳಿಸಿ, ಎಲ್ಲಿ ಅರ್ಥ ಕೈಕೊಡುತ್ತದೆಂದು ಗುರುತಿಸುವುದು ಎರಡನೆಯದು. ಆ ಫಲಿತಾಂಶವನ್ನು ಮುಂದಿಟ್ಟುಕೊಂಡು, ಮೌಖಿಕ ಪರೀಕ್ಷೆಯಲ್ಲಿ ಯಾವ ತಪ್ಪಿಗೆ ಅಂಕ ಕಳೆಯಬೇಕು, ಯಾವುದಕ್ಕೆ ಕಳೆಯಬಾರದು ಎಂಬ ಕರಡನ್ನು ಸಮಾರೋಪದ ಹೊತ್ತಿಗೆ ಸಿದ್ಧಪಡಿಸುವುದು ಮೂರನೆಯದು.