ನಾಲ್ಕು ಗಂಟೆಯ ಮದುವೆ, ಒಂದು ಡಿಸ್ಕ್

(ಬಾಂದ್ರಾದಲ್ಲಿ ನಡೆದ ಮಹಿಳಾ ವಿಭಾಗದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಮನೆಯಲ್ಲಿ ತೆಗೆದ ಉದ್ದುದ್ದ ವೀಡಿಯೋಗಳನ್ನು ಕುಗ್ಗಿಸಿ ಡಿಸ್ಕಿಗೆ ಹಾಕುವುದು ಹೇಗೆ ಎಂದು ಮಾತನಾಡಲು ನನಗೆ ಹೇಳಿದ್ದಾರೆ. ಮೂರು ತಿಂಗಳಿಂದ ನಮ್ಮ ಸದಸ್ಯೆಯರು ತಂದುಕೊಟ್ಟ ಕ್ಯಾಸೆಟ್ಟುಗಳ ಕೆಲಸ ಮಾಡುತ್ತಿದ್ದೇನೆ. ಎಲ್ಲರೂ ಕೇಳುವ ಪ್ರಶ್ನೆ ಒಂದೇ: “ನಮ್ಮ ಮದುವೆಯದ್ದು ನಾಲ್ಕು ಗಂಟೆ ಉಂಟು, ಒಂದೇ ಡಿವಿಡಿಯಲ್ಲಿ ಹಿಡಿಸಲಿಕ್ಕೆ ಆಗ್ತದಾ?” ಆಗುತ್ತದೆ. ಆದರೆ ಹಾಗೆ ಮಾಡಬೇಡಿ. ಯಾಕೆ ಎಂಬುದಕ್ಕೆ ಸ್ವಲ್ಪ ಲೆಕ್ಕ ಹೇಳಬೇಕು. ಮನೆಖರ್ಚಿನ ಲೆಕ್ಕ ಬರೆಯುವವರಿಗೆ ಇದೇನೂ ಕಷ್ಟದ್ದಲ್ಲ.

ಸಾಮಾನ್ಯ ಡಿವಿಡಿಯಲ್ಲಿ 4.7 ಜಿಬಿ ಜಾಗ ಇರುತ್ತದೆ. ನೀವು ಎರಡು ಗಂಟೆಯ ವೀಡಿಯೋ ಹಾಕಿದರೆ ಒಂದೊಂದು ಸೆಕೆಂಡಿಗೂ ಸುಮಾರು 5.2 ಮೆಗಾಬಿಟ್ ಸಿಗುತ್ತದೆ. ಚಿತ್ರ ಚೆನ್ನಾಗಿ ಬರುತ್ತದೆ. ನಾಲ್ಕು ಗಂಟೆ ಹಾಕಿದರೆ ಅದು 2.6ಕ್ಕೆ ಇಳಿಯುತ್ತದೆ, ಆರು ಗಂಟೆಗೆ 1.7. ಆಗ ಕ್ಯಾಮೆರಾ ಸ್ವಲ್ಪ ತಿರುಗಿದರೂ ಮುಖಗಳೆಲ್ಲ ಚೌಕ ಚೌಕವಾಗಿ ಒಡೆಯುತ್ತವೆ. ಮದುವೆಯಲ್ಲಿ ಹೆಚ್ಚು ಒಡೆಯುವ ಜಾಗ ಯಾವುದು ಗೊತ್ತೇ? ಮುಹೂರ್ತವೇ! ಅಕ್ಷತೆ ಹಾರುತ್ತದೆ, ಫೋಟೋದವರ ಫ್ಲ್ಯಾಶ್ ಹೊಡೆಯುತ್ತದೆ, ಜನ ನುಗ್ಗುತ್ತಾರೆ. ಕ್ಷಣಕ್ಷಣಕ್ಕೂ ಚಿತ್ರ ಪೂರ್ತಿ ಬದಲಾಗುವಾಗ ಹೆಚ್ಚು ಬಿಟ್ ಬೇಕು. ಹಾಲ್‌ನಲ್ಲಿ ಕುರ್ಚಿಯ ಮೇಲೆ ಸುಮ್ಮನೆ ಕೂತವರಿಗೆ ಅಷ್ಟು ಬೇಡ.

ಅದಕ್ಕೇ ಸಾಫ್ಟ್‌ವೇರ್‌ನಲ್ಲಿ ‘ಟೂ ಪಾಸ್’ ಎಂಬ ಆಯ್ಕೆ ಇರುತ್ತದೆ. ಮೊದಲ ಸಲ ವೀಡಿಯೋ ಪೂರ್ತಿ ನೋಡಿ, ಎಲ್ಲಿ ಎಷ್ಟು ಬೇಕು ಎಂದು ಗುರುತು ಮಾಡಿಕೊಂಡು, ಎರಡನೇ ಸಲ ಹಂಚುತ್ತದೆ. ಪಂಕ್ತಿಯಲ್ಲಿ ಎಷ್ಟು ಎಲೆ ಹಾಕಿದ್ದಾರೆ ಎಂದು ನೋಡಿ ಬಂದು ಪಾಯಸ ಬಡಿಸಿದ ಹಾಗೆ. ಸಮಯ ದುಪ್ಪಟ್ಟು ಆಗುತ್ತದೆ, ಆಗಲಿ. ರಾತ್ರಿ ಹಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಮುಗಿದಿರುತ್ತದೆ.

ಹಳೆಯ ವಿಎಚ್‌ಎಸ್ ಕ್ಯಾಸೆಟ್ ಇದ್ದವರಿಗೆ ಒಂದು ಉಪಾಯ ಇದೆ. ಡಿವಿಡಿಯ ಪೂರ್ಣ ಚಿತ್ರ 720 × 576 ಚುಕ್ಕೆಗಳದ್ದು. ವಿಎಚ್‌ಎಸ್‌ನಲ್ಲಿ ಅಷ್ಟು ವಿವರವೇ ಇರುವುದಿಲ್ಲ. ಅಗಲದಲ್ಲಿ ಅರ್ಧದಷ್ಟು, ಅಂದರೆ 352 × 576 ಇಟ್ಟರೂ ಡಿವಿಡಿ ಪ್ಲೇಯರ್ ಒಪ್ಪಿಕೊಳ್ಳುತ್ತದೆ, ಕಣ್ಣಿಗೂ ವ್ಯತ್ಯಾಸ ಕಾಣುವುದಿಲ್ಲ. ಹೀಗೆ ಮಾಡಿದರೆ ಮೂರು ಗಂಟೆಯ ಕ್ಯಾಸೆಟ್ ಒಂದು ಡಿಸ್ಕಿನಲ್ಲಿ ನೆಮ್ಮದಿಯಾಗಿ ಕೂರುತ್ತದೆ. ನಾಲ್ಕು ಗಂಟೆ ಇದ್ದರೆ ಎರಡು ಡಿಸ್ಕ್ ಮಾಡಿ. ಖಾಲಿ ಡಿಸ್ಕಿನ ಬೆಲೆ ಎರಡು ವಡಾ ಪಾವ್‌ಗಿಂತ ಹೆಚ್ಚೇನೂ ಇರಲಾರದು. ಅದರಲ್ಲಿ ಉಳಿಸಲು ಹೋಗಿ ಅಪ್ಪ-ಅಮ್ಮನ ಮುಖ ಕೆಡಿಸಿಕೊಳ್ಳಬೇಡಿ.

ಇನ್ನು ವಿಸಿಡಿ. 2000ದ ಆಸುಪಾಸಿನಲ್ಲಿ ಮದುವೆ ಆದವರ ಮನೆಯಲ್ಲಿ ಮೂರು ವಿಸಿಡಿಯ ಸೆಟ್ ಇದ್ದೇ ಇರುತ್ತದೆ. ಒಂದೊಂದರಲ್ಲೂ 74 ಅಥವಾ 80 ನಿಮಿಷ, ಚಿತ್ರ 352 × 288 ಮಾತ್ರ. ಅದನ್ನು ಡಿವಿಡಿ ಮಾಡಿಸಿದರೆ ಚೆನ್ನಾಗಿ ಕಾಣುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಒಮ್ಮೆ ಹಿಂಡಿದ ವೀಡಿಯೋವನ್ನು ಮತ್ತೆ ಹಿಂಡುವುದೆಂದರೆ ಅದೇ ಪುಡಿಗೆ ಎರಡನೇ ಸಲ ನೀರು ಹಾಕಿದ ಡಿಕಾಕ್ಷನ್ ಇದ್ದ ಹಾಗೆ. ಕಂಪ್ಯೂಟರಿನಲ್ಲಿ ವಿಸಿಡಿ ತೆರೆದರೆ ‘ಎಂಪೆಗ್‌ಎವಿ’ ಎಂಬ ಫೋಲ್ಡರ್ ಕಾಣುತ್ತದೆ. ಅದರೊಳಗಿನ ‘ಡ್ಯಾಟ್’ ಫೈಲುಗಳನ್ನು ಇದ್ದ ಹಾಗೆಯೇ ಕಾಪಿ ಮಾಡಿಟ್ಟುಕೊಳ್ಳಿ, ವಿಎಲ್‌ಸಿಯಲ್ಲಿ ಓಡುತ್ತದೆ. ಅಂಗೈಯಗಲದ ಚಿಕ್ಕ ಡಿಸ್ಕಿನ ಹ್ಯಾಂಡಿಕ್ಯಾಮ್ ಇದ್ದವರು ಇನ್ನೊಂದು ನೆನಪಿಡಿ. ಆ ಡಿಸ್ಕನ್ನು ಕ್ಯಾಮೆರಾದಲ್ಲೇ ‘ಫೈನಲೈಸ್’ ಮಾಡದಿದ್ದರೆ ಕಂಪ್ಯೂಟರ್ ಅದನ್ನು ಖಾಲಿ ಎಂದು ತೋರಿಸಬಹುದು. ಖಾಲಿ ಅಂದಿತು ಎಂದು ಎಸೆದುಬಿಡಬೇಡಿ. ಕ್ಯಾಮೆರಾ ಹುಡುಕಿ.

ಇಷ್ಟು ಹೊತ್ತು ಚಿತ್ರದ ಮಾತಾಯಿತು. ನಾನು ನಿಜವಾಗಿ ಹೇಳಬೇಕೆಂದು ಬಂದದ್ದು ದನಿಯ ವಿಷಯ.

ನಮ್ಮ ಮದುವೆ ಕ್ಯಾಸೆಟ್ಟುಗಳಲ್ಲಿ ಎರಡು ಬಗೆ. ಸ್ಟುಡಿಯೋದವರು ಕೆಲವು ವಾರ ಬಿಟ್ಟು ಕೊಡುತ್ತಿದ್ದದ್ದು ‘ಮಿಕ್ಸಿಂಗ್’ ಮಾಡಿದ ಕ್ಯಾಸೆಟ್. ಅದರಲ್ಲಿ ಮದುಮಗಳು ಕಮಲದ ಹೂವಿನೊಳಗಿಂದ ಅರಳಿ ಬರುತ್ತಾಳೆ, ಮದುಮಗ ಹೃದಯದ ಆಕಾರದಲ್ಲಿ ತಿರುಗುತ್ತಾನೆ, ಹಿಂದೆ ಶುರುವಿನಿಂದ ಕೊನೆಯವರೆಗೆ ಸಿನಿಮಾ ಹಾಡು. ಅಲ್ಲಿ ಯಾರ ಮಾತೂ ಇಲ್ಲ. ಪುರೋಹಿತರ ಮಂತ್ರ ಇಲ್ಲ, ನಾದಸ್ವರ ಇಲ್ಲ. ಅರಸಿನ ಹಚ್ಚುವಾಗ, ಹಸೆಗೆ ಕರೆಯುವಾಗ, ಆರತಿ ಎತ್ತುವಾಗ ನಮ್ಮ ಅಮ್ಮ, ದೊಡ್ಡಮ್ಮ, ಅಜ್ಜಿಯರು ಹಾಡುತ್ತಿದ್ದರಲ್ಲ, ಆ ಹಾಡು ಇಲ್ಲ. ಬಾಯಿ ಆಡುವುದು ಕಾಣುತ್ತದೆ, ಕೇಳುವುದು ಮಾತ್ರ ಯಾವುದೋ ಹಿಂದಿ ಹಾಡು.

ಇನ್ನೊಂದು ಬಗೆ, ಮಿಕ್ಸಿಂಗ್ ಮಾಡದ ಮೂಲ ಕ್ಯಾಸೆಟ್. ಕೆಲವರು ಕೇಳಿ ಪಡೆದುಕೊಂಡಿದ್ದಾರೆ. ಇನ್ನು ಕೆಲವರ ಮನೆಯಲ್ಲಿ ತಮ್ಮನೋ ಭಾವನೋ ದುಬೈಯಿಂದ ತಂದ ಕ್ಯಾಮೆರಾದಲ್ಲಿ ತಾವೇ ತೆಗೆದದ್ದು ಇದೆ. ಕ್ಯಾಮೆರಾ ಅಲುಗಾಡುತ್ತದೆ, ಅರ್ಧ ಹೊತ್ತು ನೆಲವೇ ಕಾಣುತ್ತದೆ. ಆದರೆ ದನಿ ಎಲ್ಲ ಹಾಗೇ ಇದೆ. ಉಡುಪಿ ಕಡೆಯವರ ಶೋಭಾನೆ, ವಿಜಯಪುರ-ಕಲಬುರಗಿ ಕಡೆಯವರ ಸೋಬಾನೆ ಪದ, ನಡುವೆ “ಏ ಹುಡುಗಿ, ಆರತಿ ತಟ್ಟೆ ತಾರೆ” ಎಂಬ ಕೂಗು. ಈ ಮೂರು ತಿಂಗಳಲ್ಲಿ ನನ್ನ ಕೈಗೆ ಬಂದ ಒಂದು ಕ್ಯಾಸೆಟ್ಟಿನಲ್ಲಿ ಹನ್ನೊಂದು ನಿಮಿಷ ಒಬ್ಬ ಅಜ್ಜಿ ಒಬ್ಬರೇ ಹಾಡಿದ್ದಾರೆ. ಕೊಟ್ಟವರಿಗೆ ಅದು ಅದರಲ್ಲಿದೆ ಎಂದೇ ಗೊತ್ತಿರಲಿಲ್ಲ, ಯಾಕೆಂದರೆ ಮನೆಯಲ್ಲಿ ಎಲ್ಲರೂ ನೋಡುತ್ತಿದ್ದದ್ದು ಚೆಂದ ಮಾಡಿದ ಕ್ಯಾಸೆಟ್ಟನ್ನೇ. ಆ ಅಜ್ಜಿಯ ಹಾಡನ್ನು ಯಾರೂ ಬರೆದಿಟ್ಟಿಲ್ಲ. ಅವರ ಮಗಳಿಗೆ ಎರಡು ಸಾಲು ಬರುತ್ತದೆ, ಮೊಮ್ಮಗಳಿಗೆ ಅದೂ ಬರುವುದಿಲ್ಲ.

ಆದ್ದರಿಂದ ಕುಗ್ಗಿಸುವಾಗ ಚಿತ್ರವನ್ನು ಬೇಕಾದರೆ ಹಿಂಡಿ, ದನಿಯನ್ನು ಹಿಂಡಬೇಡಿ. ಲೆಕ್ಕ ನೋಡಿ: ದನಿಗೆ ಸೆಕೆಂಡಿಗೆ 224 ಕಿಲೋಬಿಟ್ ಕೊಟ್ಟರೆ ಒಂದು ಗಂಟೆಗೆ ಸುಮಾರು 100 ಎಂಬಿ. ನಾಲ್ಕು ಗಂಟೆಗೂ 400 ಎಂಬಿ. ಇಡೀ ಡಿಸ್ಕಿನ ಹತ್ತನೇ ಒಂದು ಭಾಗವೂ ಅಲ್ಲ. ಅದನ್ನು ಕಡಿಮೆ ಮಾಡಿ ಉಳಿಯುವುದು ಏನೂ ಇಲ್ಲ. ಅಂಗಡಿಗೆ ಕೊಡುವವರು ಈ ಒಂದು ಮಾತು ಬಾಯಿಬಿಟ್ಟು ಹೇಳಿ: ಹಿಂದೆ ಹಾಡು ಸೇರಿಸಬೇಡಿ, ಮೂಲ ದನಿ ಇರಲಿ. ಹೇಳದಿದ್ದರೆ ‘ಮ್ಯಾಡಂಗೆ ಚೆಂದ ಕಾಣಲಿ’ ಎಂದು ಸೇರಿಸಿಯೇ ಬಿಡುತ್ತಾರೆ.

ದನಿಗೇ ಮೊದಲು ಅಪಾಯ ಎಂಬುದಕ್ಕೆ ಇನ್ನೂ ಒಂದು ಕಾರಣ ಇದೆ. ವಿಎಚ್‌ಎಸ್ ಟೇಪಿನಲ್ಲಿ ಸಾಮಾನ್ಯ ದನಿ ಟೇಪಿನ ಅಂಚಿನಲ್ಲಿ ಒಂದು ಸಣ್ಣ ಗೆರೆಯಾಗಿ ಹೋಗುತ್ತದೆ. ಅಂಚು ಮಡಚಿದರೆ, ಉಜ್ಜಿದರೆ ಚಿತ್ರ ಬರುತ್ತಿರುತ್ತದೆ, ದನಿ ಹೋಗಿರುತ್ತದೆ. ಇದರ ಮೇಲೆ ನಮ್ಮ ಮುಂಬಯಿ ಮಳೆಯ ತೇವ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಬಿಳಿ ಪುಡಿಯಂಥದ್ದು ಕಂಡರೆ ಅದು ಬೂಷ್ಟು. ಅಂಥದ್ದನ್ನು ಮೆಷಿನ್ನಿಗೆ ಹಾಕಲೇಬೇಡಿ, ಮೆಷಿನ್ನಿಗೂ ಅಂಟಿ, ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದದ್ದು, ಮೀಠಿ ನದಿ ಉಕ್ಕಿ ಕಲಿನಾ, ಕುರ್ಲಾ, ಬಾಂದ್ರಾ ಪೂರ್ವದ ಮನೆಗಳಿಗೆ ನುಗ್ಗಿದ್ದು ಇಲ್ಲಿರುವ ಹಲವರಿಗೆ ನೆನಪಿದೆ. ಮಂಚದ ಕೆಳಗಿನ ಟ್ರಂಕಿನಲ್ಲಿದ್ದ ಕ್ಯಾಸೆಟ್ಟು, ಆಲ್ಬಮ್ಮು ಎಲ್ಲ ಕೆಸರಾಗಿ, ಹೊರಗೆ ರಾಶಿ ಹಾಕಿದ್ದನ್ನು ನಾನೇ ನೋಡಿದ್ದೇನೆ.

ಮೆಷಿನ್ನೂ ಹೆಚ್ಚು ದಿನ ಕಾಯುವುದಿಲ್ಲ. ಜಪಾನಿನಲ್ಲಿ ಕೊನೆಯದಾಗಿ ವಿಸಿಆರ್ ಮಾಡುತ್ತಿದ್ದ ಫುನಾಯ್ ಕಂಪನಿ 2016ರಲ್ಲಿ ನಿಲ್ಲಿಸಿತು. ನಮ್ಮಲ್ಲಿ ಖಾಲಿ ಡಿಸ್ಕಿಗೆ ಹೆಸರಾಗಿದ್ದ ಮೋಸರ್ ಬೇರ್ ಕಂಪನಿ 2018ರಲ್ಲಿ ದಿವಾಳಿಯಾಗಿ ಮುಚ್ಚುವ ಹಂತಕ್ಕೆ ಬಂತು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಹೊರಗಿನಿಂದ ಜೋಡಿಸುವ ಡಿವಿಡಿ ರೈಟರ್ ಲ್ಯಾಮಿಂಗ್ಟನ್ ರೋಡಿನಲ್ಲಿ ಸಿಗುತ್ತದೆ.

ಕತ್ತರಿಸುವ ವಿಷಯ. ಕ್ಯಾಸೆಟ್ಟಿನ ಕೊನೆಯಲ್ಲಿ ಬರುವ ಇರುವೆ ಮುತ್ತಿದಂಥ ಚುಕ್ಕೆಗಳನ್ನು ಮೊದಲು ಕತ್ತರಿಸಿ. ಒಂದು ಚುಕ್ಕೆಗೂ ಇನ್ನೊಂದಕ್ಕೂ ಸಂಬಂಧ ಇಲ್ಲದ್ದರಿಂದ ಅದನ್ನು ಹಿಂಡಲು ಬರುವುದಿಲ್ಲ, ಮುಹೂರ್ತಕ್ಕೆ ಸಿಗಬೇಕಾದ ಜಾಗವನ್ನು ಅದೇ ನುಂಗುತ್ತದೆ. ಊಟದ ಪಂಕ್ತಿ ಬೋರು ಎಂದು ಮಕ್ಕಳು ಕತ್ತರಿಸಲು ಹೇಳುತ್ತಾರೆ. ಕೇಳಬೇಡಿ. ಒಂದೊಂದೇ ಎಲೆಯ ಮುಂದೆ ಕ್ಯಾಮೆರಾ ಹೋಗುವಾಗ ಪ್ರತಿಯೊಬ್ಬರ ಮುಖವೂ ಬರುತ್ತದೆ. ಊರಿಂದ ಬಂದವರು, ಚಾಳಿನ ನೆರೆಯವರು, ಹೋಟೆಲಿನಲ್ಲಿ ಅಪ್ಪನ ಜೊತೆ ಕೆಲಸ ಮಾಡಿದವರು. ಅವರಲ್ಲಿ ಎಷ್ಟೋ ಮಂದಿಯ ಬೇರೆ ಫೋಟೋ ಎಲ್ಲಿಯೂ ಇಲ್ಲ. ಉಡುಗೊರೆ ಕೊಡುವ ಸಾಲೂ ಹಾಗೆಯೇ, ಒಂದು ಗಂಟೆ ಆದರೂ ಇರಲಿ. ಜಾಗ ಬೇಕಿದ್ದರೆ ಕಮಲದ ಹೂವನ್ನು ತೆಗೆಯಿರಿ.

ಇನ್ನು ಕೆಲಸದ ಕ್ರಮ. ಬಹಳ ವರ್ಷ ಮುಟ್ಟದ ಕ್ಯಾಸೆಟ್ಟನ್ನು ಒಮ್ಮೆ ಪೂರ್ತಿ ಮುಂದಕ್ಕೆ, ಮತ್ತೆ ಹಿಂದಕ್ಕೆ ಓಡಿಸಿ. ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ತುಂಡು ಇನ್ನೂ ಇದ್ದರೆ ಮುರಿದುಬಿಡಿ, ಇಲ್ಲದಿದ್ದರೆ ಯಾರಾದರೂ ಗುಂಡಿ ಒತ್ತಿ ಅದರ ಮೇಲೇ ರೆಕಾರ್ಡ್ ಮಾಡಿಯಾರು. ವಿಸಿಆರ್‌ನಿಂದ ಹಳದಿ ವೈರು ಚಿತ್ರಕ್ಕೆ, ಕೆಂಪು-ಬಿಳಿ ದನಿಗೆ; ಅಲ್ಲಿಂದ ಕ್ಯಾಪ್ಚರ್ ಡಬ್ಬಿ, ಅಲ್ಲಿಂದ ಲ್ಯಾಪ್‌ಟಾಪ್. ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು, ಅವಸರದ ದಾರಿ ಇಲ್ಲ. ಬಂದ ಫೈಲನ್ನು ಮೊದಲು ಹಾರ್ಡ್ ಡಿಸ್ಕಿನಲ್ಲಿ ಹಾಗೇ ಇಡಿ. ಕುಗ್ಗಿಸುವುದೇನಿದ್ದರೂ ಅದರ ಕಾಪಿಯ ಮೇಲೆ. ಟಿವಿಗೆ ಪೆನ್‌ಡ್ರೈವ್ ಹಾಕಿ ನೋಡುವವರಿಗೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಎಂಪಿ4 ಮಾಡಿದರೆ ಸಾಕು. ಊರಿನಲ್ಲಿ ಅತ್ತೆಯ ಹಳೆಯ ಪ್ಲೇಯರಿಗೆ ಬೇಕಿದ್ದರೆ ಡಿವಿಡಿ ಸ್ಟೈಲರ್‌ನಲ್ಲಿ ಡಿವಿಡಿಯನ್ನೇ ಮಾಡಿ.

ಬರ್ನ್ ಮಾಡುವಾಗ ಅತಿವೇಗ ಬೇಡ, 4 ಅಥವಾ 8 ಇಟ್ಟರೆ ಸಾಕು. ‘ವೆರಿಫೈ’ಗೆ ಟಿಕ್ ಹಾಕಿ. ಮತ್ತೆ ಮತ್ತೆ ಬರೆಯಬಹುದಾದ ಆರ್‌ಡಬ್ಲ್ಯೂ ಡಿಸ್ಕ್ ಇದಕ್ಕೆ ಬೇಡ. ಮೇಲೆ ಕಾಗದದ ಸ್ಟಿಕ್ಕರ್ ಅಂಟಿಸಬೇಡಿ, ಬಾಲ್‌ಪೆನ್ನಿನಲ್ಲಿ ಬರೆಯಬೇಡಿ. ಸಿಡಿಯಲ್ಲಿ ಮಾಹಿತಿ ಇರುವ ಪದರ ಹೆಸರು ಬರೆಯುವ ಬದಿಗೇ ಹತ್ತಿರ, ಗೀರಿದರೆ ಹೋಯಿತು. ಮೆತ್ತನೆ ತುದಿಯ ಸಿಡಿ ಮಾರ್ಕರ್ ಇರಲಿ. ಆಮೇಲೆ ಬೇರೊಂದು ಪ್ಲೇಯರಿನಲ್ಲಿ ಹಾಕಿ, ಕೊನೆಯ ಹತ್ತು ನಿಮಿಷವನ್ನೂ ನೋಡಿ. ಕೆಡುವುದು ಹೆಚ್ಚಾಗಿ ಡಿಸ್ಕಿನ ಹೊರ ಅಂಚಿನಲ್ಲಿ, ಅಂದರೆ ಮಗಳನ್ನು ಒಪ್ಪಿಸಿ ಕೊಡುವ ಹೊತ್ತಿನಲ್ಲಿ.

ಎರಡು ಕಾಪಿ ಮಾಡಿ. ಒಂದು ಇಲ್ಲಿ, ಒಂದು ಊರಿನಲ್ಲೋ ಬೆಂಗಳೂರಿನ ತಂಗಿಯ ಮನೆಯಲ್ಲೋ. ವಾಟ್ಸಾಪ್‌ನಲ್ಲಿ ಕಳಿಸಿದರೆ ಕಾಪಿ ಆಯಿತು ಎಂದು ತಿಳಿಯಬೇಡಿ. ವೀಡಿಯೋ ಎಂದು ಕಳಿಸಿದರೆ ಅದು ಮತ್ತೆ ಹಿಂಡುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಮಾತ್ರ ಇದ್ದ ಹಾಗೆ ಹೋಗುತ್ತದೆ. ಡಿಸ್ಕ್ ಆಯಿತೆಂದು ಕ್ಯಾಸೆಟ್ಟನ್ನು ರದ್ದಿಯವನಿಗೆ ಹಾಕಲೂ ಬೇಡಿ, ಕಪಾಟಿನ ಮೇಲಿನ ಖಾನೆಯಲ್ಲಿ ನೇರವಾಗಿ ನಿಲ್ಲಿಸಿಡಿ.

ಮುಂದಿನ ಸಭೆಗೆ ನಮ್ಮ ವಿಸಿಆರ್ ಮತ್ತು ಡಬ್ಬಿ ತರುತ್ತೇನೆ. ಒಬ್ಬೊಬ್ಬರು ಒಂದೇ ಕ್ಯಾಸೆಟ್ ತನ್ನಿ, ಅದೂ ಮಿಕ್ಸಿಂಗ್ ಮಾಡದ್ದು. ಜೊತೆಗೆ ಒಂದು ಚೀಟಿ ಇರಲಿ: ಯಾರ ಮದುವೆ, ಯಾವ ಹಾಲ್, ಯಾವ ವರ್ಷ, ಹಾಡಿದವರು ಯಾರು. ಹಾಡಿದವರ ಹೆಸರು ಗೊತ್ತಿಲ್ಲದಿದ್ದರೆ ಇವತ್ತೇ ಮನೆಗೆ ಹೋಗಿ ಊರಿನ ಚಿಕ್ಕಮ್ಮನಿಗೋ ಸೋದರತ್ತೆಗೋ ಒಂದು ಫೋನ್ ಮಾಡಿ.