ದುಬೈಯಲ್ಲಿ ತಿಂದ ರವೆ ಇಡ್ಲಿ
(ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ವಿದ್ಯೆಯ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಗಳು ತಿಳಿಸಿದ್ದರು. ಅದನ್ನು ನನಗಿಂತ ಬಲ್ಲವರು ಆಗಲೇ ಹೇಳಿಯಾಗಿದೆ. ನಾನು ಒಂದು ಹೋಟೆಲಿನ ವಿಷಯ ಹೇಳುತ್ತೇನೆ. ನಗಬೇಡಿ, ಸುತ್ತಿ ಬಳಸಿ ನಿಮ್ಮ ಕನ್ನಡ ಪುಸ್ತಕದ ಹತ್ತಿರಕ್ಕೇ ಬರುತ್ತೇನೆ.

ನಮ್ಮ ಕಾಯ್ಕಿಣಿಯ ಪಕ್ಕದಲ್ಲಿ ಮಾವಳ್ಳಿ ಇದೆಯಲ್ಲ? ಚಿಕ್ಕವಳಿದ್ದಾಗ ಅಂಗಡಿಯಲ್ಲಿ ಎಂ.ಟಿ.ಆರ್. ಪೊಟ್ಟಣ ನೋಡಿ ಆ ಅಕ್ಷರಗಳ ಅರ್ಥವೇನೆಂದು ಕೇಳಿದ್ದೆ. 'ಮಾವಳ್ಳಿ ಟಿಫಿನ್ ರೂಮ್ಸ್' ಎಂದರು. ನಮ್ಮ ಮಾವಳ್ಳಿಯವರೇ ಯಾರೋ ಇಷ್ಟು ದೊಡ್ಡವರಾಗಿದ್ದಾರೆ ಎಂದು ಬಹಳ ದಿನ ಹೆಮ್ಮೆಪಟ್ಟೆ. ಬಿ.ಎಡ್. ಓದಲು ಬೆಂಗಳೂರಿಗೆ ಹೋದಾಗಲೇ ಗೊತ್ತಾದದ್ದು, ಅದು ಲಾಲ್‌ಬಾಗ್ ಹತ್ತಿರದ ಮಾವಳ್ಳಿ!

ಆದರೂ ನನ್ನ ಹೆಮ್ಮೆ ಪೂರ್ತಿ ಸುಳ್ಳಲ್ಲ. ಆ ಹೋಟೆಲು ಕಟ್ಟಿದ ಮಯ್ಯ ಸಹೋದರರು ನಮ್ಮ ಕರಾವಳಿಯವರೇ. ಭಟ್ಕಳದಿಂದ ಕುಂದಾಪುರ ದಾಟಿ ಸ್ವಲ್ಪ ಮುಂದೆ ಹೋದರೆ ಸಾಲಿಗ್ರಾಮ ಸಿಗುತ್ತದೆ, ಅದರ ಹತ್ತಿರದ ಪಾರಂಪಳ್ಳಿ ಅವರ ಊರು. 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲು ಶುರುಮಾಡಿದಾಗ ಇಟ್ಟ ಹೆಸರು 'ಬ್ರಾಹ್ಮಣ ಕಾಫಿ ಕ್ಲಬ್'. ಜಾತಿ ನೋಡಿ ಪಂಕ್ತಿ ಹಾಕುವ ಕಾಲ ಅದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳ ಶುಚಿತ್ವ ನೋಡಿಬಂದರು. ಮುಂದೆ ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂತು. 1960ರಲ್ಲಿ ಹೋಟೆಲು ಈಗಿರುವ ಲಾಲ್‌ಬಾಗ್ ರಸ್ತೆಗೆ ಬಂತು.

ರವೆ ಇಡ್ಲಿ ಅವರ ಅಡುಗೆಮನೆಯಲ್ಲೇ ಹುಟ್ಟಿದ್ದು ಎಂದು ಅವರು ಹೇಳುತ್ತಾರೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ಜಪಾನಿನ ವಶವಾಗಿ ಅಲ್ಲಿಂದ ಬರುವ ಅಕ್ಕಿ ನಿಂತಿತು. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ಗೋಧಿ ರವೆಯನ್ನು ಪ್ರಯತ್ನಿಸಿದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರಕಾರ ತಿಂಡಿಯ ದರವನ್ನು ತೀರಾ ಇಳಿಸಿದಾಗ ನಷ್ಟ ತಾಳದೆ ಹೋಟೆಲು ಮುಚ್ಚಿತು. ಕೆಲಸಗಾರರನ್ನು ಬಿಡಬಾರದೆಂದು ಪುಡಿ, ಹಿಟ್ಟು ಪೊಟ್ಟಣ ಕಟ್ಟಿ ಮಾರತೊಡಗಿದರು. ನಾನು ಅಂಗಡಿಯಲ್ಲಿ ಕಂಡ ಪೊಟ್ಟಣದ ಮೂಲ ಅದು. ಪೊಟ್ಟಣದ ವ್ಯಾಪಾರ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿಗೆ ಹೋಯಿತು, ಹೋಟೆಲು ಮಯ್ಯರ ಮನೆತನದಲ್ಲೇ ಉಳಿಯಿತು. 2013ರಲ್ಲಿ ಸಿಂಗಪುರದಲ್ಲಿ ಶಾಖೆ ತೆರೆದರು, ಆಮೇಲೆ ದುಬೈಯಲ್ಲೂ.

ಈಗ ನನ್ನ ಕಥೆ. ನಮ್ಮ ಯಜಮಾನರ ಕೆಲಸದ ಕಾರಣ 2016ರಿಂದ ಎರಡು ವರ್ಷ ದುಬೈಯಲ್ಲಿದ್ದೆ. ಅಲ್ಲಿ ಮುಸ್ಲಿಮರಾದ ನಮಗೆ ಊಟದ ತೊಂದರೆ ಎಂಬುದೇ ಇಲ್ಲ. ನಾಲ್ಕು ಹೆಜ್ಜೆಗೊಂದು ಬಿರಿಯಾನಿ, ಎಲ್ಲವೂ ಹಲಾಲ್. ಹಾಗಾಗಿ ಹೊಟ್ಟೆಗಿಲ್ಲದೆ ಕರಾಮಾದ ಎಂ.ಟಿ.ಆರ್.ಗೆ ಹೋದೆವು ಎಂದರೆ ಸುಳ್ಳಾಗುತ್ತದೆ. ಬೆಂಗಳೂರಿನ ಓದಿನ ದಿನಗಳ ನೆನಪು, ಅಷ್ಟೆ. ಜುಮಾ ನಮಾಜು ಮುಗಿಸಿ ಯಜಮಾನರು ಬಂದ ಮೇಲೆ ಹೊರಟೆವು. ಆಗ ಅಲ್ಲಿ ಶುಕ್ರವಾರ ವಾರದ ರಜೆ.

ಕೂತೆವು. ಅಕ್ಕಪಕ್ಕದ ಮೇಜುಗಳಲ್ಲಿ ಮಲಯಾಳ, ತಮಿಳು, ಅರಬ್ಬಿ ಕೇಳಿಸುತ್ತಿತ್ತು. ನಾವಿಬ್ಬರು ನವಾಯತಿಯಲ್ಲಿ ಮಾತಾಡುತ್ತಿದ್ದೆವು. ಬಡಿಸುವವರು ಬಂದಾಗ ನಾನು ಹಿಂದಿಯಲ್ಲಿ ಇಡ್ಲಿ ಕೇಳಿದೆ. ಕನ್ನಡ ಕಲಿಸುವ ಟೀಚರ್, ಕನ್ನಡಿಗರ ಹೋಟೆಲು, ಕೇಳಿದ್ದು ಹಿಂದಿಯಲ್ಲಿ! ಏಕೆ ಎಂದು ಈಗಲೂ ನನಗೆ ನಾನೇ ಕೇಳಿಕೊಳ್ಳುತ್ತೇನೆ. ಊರು ಬಿಟ್ಟ ಕೂಡಲೇ ಕನ್ನಡ ನಡೆಯುವುದಿಲ್ಲ ಎಂದು ನಾಲಿಗೆ ತಾನಾಗಿಯೇ ತೀರ್ಮಾನಿಸಿಬಿಟ್ಟಿತ್ತು.

ಇಡ್ಲಿ ಬಂತು, ಜತೆಗೆ ಪುಟ್ಟ ಬಟ್ಟಲಲ್ಲಿ ತುಪ್ಪ. ಮಗಳು ಕೈ ಹಾಕಲು ಹೋದಳು. 'ಬಿಸಿ ಇದೆ, ಊದಿ ತಿನ್ನು' ಎಂದೆ. ಅವಳ ಜತೆ ದಿನಕ್ಕೆ ಸ್ವಲ್ಪ ಹೊತ್ತಾದರೂ ಕನ್ನಡ ಆಡುವ ಅಭ್ಯಾಸ ಇಟ್ಟುಕೊಂಡಿದ್ದೆ. ಬಡಿಸುತ್ತಿದ್ದ ಹಿರಿಯರು ಅಲ್ಲೇ ನಿಂತರು.

'ನಿಮ್ಮೂರ್ ಯಾವ್ದ್ ಅಮ್ಮಾ?'

ಕುಂದಾಪುರದ ಮಾತು. ನಾನು 'ಮುರ್ಡೇಶ್ವರದ ಹತ್ತಿರ' ಎಂದೆ.

ಇದನ್ನು ನಿಮ್ಮೆದುರು ಮುಚ್ಚಿಡುವುದಿಲ್ಲ. ನಾನು ಭಟ್ಕಳ ಎನ್ನಲಿಲ್ಲ. ಭಟ್ಕಳ ಎಂದ ಕೂಡಲೇ ಎದುರಿನವರ ಮುಖ ಕ್ಷಣಹೊತ್ತು ಬಿಗಿಯುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಓದಲು ಹೋಗಿ ಬಾಡಿಗೆ ರೂಮು ಹುಡುಕಿದ ಹುಡುಗರನ್ನು ಕೇಳಿ. ಯಾರೋ ಕೆಲವರ ಹೆಸರಿಗೆ ಊರಿನ ಹೆಸರು ಅಂಟಿಕೊಂಡದ್ದರಿಂದ ಊರಿನವರೆಲ್ಲ ಹೊರುವ ಭಾರ ಇದು. ನಾನೂ ಆ ದಿನ ದೇವಸ್ಥಾನದ ಹೆಸರಿನ ಹಿಂದೆ ಅಡಗಿಕೊಂಡೆ.

ಅವರು ಬಿಡಲಿಲ್ಲ. 'ಮುರ್ಡೇಶ್ವರ ಅಂದ್ರೆ? ಬಸ್ತಿ ಹತ್ರವಾ, ಕಾಯ್ಕಿಣಿಯಾ?' ಎಂದರು. ಕಾಯ್ಕಿಣಿ ಎಂದು ಒಪ್ಪಿಕೊಂಡೆ. ಹುಡುಗರಾಗಿದ್ದಾಗ ಭಟ್ಕಳದ ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದರಂತೆ. 'ಭಟ್ಕಳ ಅಂದ್ರೆ ಮಲ್ಲಿಗಿ ಊರಲ್ದಾ ಅಮ್ಮಾ' ಎಂದರು. ಮದುವೆಮನೆಗಳಿಗೆ ಹೋಗುವ ಆ ಹೂವಿನ ರಾಶಿ, ಸಂತೆ, ಮಳೆ, ಎಲ್ಲ ನೆನೆದರು. ನಾನು ಬಚ್ಚಿಟ್ಟ ಊರನ್ನು ಅವರು ಮೇಜಿನ ಮೇಲೆ ತಂದಿಟ್ಟರು. ನನಗೆ ಇಡ್ಲಿ ಇಳಿಯಲಿಲ್ಲ.

ಮಕ್ಕಳೇ, ನಿಮ್ಮಲ್ಲಿ ಅನೇಕರು ಇನ್ಶಾ ಅಲ್ಲಾಹ್ ನಾಳೆ ಗಲ್ಫಿಗೆ ಹೋಗುವವರು. ಅದಕ್ಕೇ ಅಲ್ಲವೇ 'ಟೀಚರ್, ಕನ್ನಡದಲ್ಲಿ ಪಾಸಾದರೆ ಸಾಕು' ಎಂದು ನನಗೆ ಹೇಳುವುದು? ಉರ್ದು ನಮ್ಮ ದೀನಿನ ಪುಸ್ತಕಗಳಿಗೆ ಬೇಕು, ಇಂಗ್ಲಿಷ್ ನೌಕರಿಗೆ ಬೇಕು, ನವಾಯತಿ ಮನೆಯದು, ಒಪ್ಪಿದೆ. ಉರ್ದುವನ್ನೂ ನಾನೇ ಕಲಿಸುತ್ತೇನೆ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಅಂದು ಆ ಹಿರಿಯರು ನನ್ನ ಬುರ್ಖಾ ನೋಡಿ ಹತ್ತಿರ ಬರಲಿಲ್ಲ, ದೂರವೂ ಹೋಗಲಿಲ್ಲ. ಮಗುವಿಗೆ ಹೇಳಿದ ನಾಲ್ಕು ಪದ ಕೇಳಿ ನಿಂತರು. ಆ ನಾಲ್ಕು ಪದ ನನ್ನ ಬಾಯಲ್ಲಿ ಇರದಿದ್ದರೆ ನಾವು ಹಿಂದಿಯಲ್ಲಿ ಬಿಲ್ಲು ಕೊಟ್ಟು ಎದ್ದು ಬರುತ್ತಿದ್ದೆವು.

ಮುಂದಿನ ಶುಕ್ರವಾರ ಮತ್ತೆ ಹೋದೆವು. ಅವರು ಬಂದು ನಿಂತಾಗ ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು, 'ಅಜ್ಜಾ, ಎರಡು ಇಡ್ಲಿ, ತುಪ್ಪ ಜಾಸ್ತಿ. ನಾವು ಭಟ್ಕಳದವರು.'