ವರ್ನಿ ಮನೆತನದ ಕಾಗದಗಳು

ಇಂಗ್ಲೆಂಡಿನ ಅಂತರ್ಯುದ್ಧವನ್ನು ನೀವು ಪಾಠದಲ್ಲಿ ಓದಿರುತ್ತೀರಿ: ಒಂದು ಕಡೆ ದೊರೆ ಒಂದನೇ ಚಾರ್ಲ್ಸ್, ಇನ್ನೊಂದು ಕಡೆ ಪಾರ್ಲಿಮೆಂಟು. ಈ ಬಿರುಕು ಬಕಿಂಗ್‌ಹ್ಯಾಮ್‌ಷೈರಿನ ಕ್ಲೇಡನ್ ಎಂಬಲ್ಲಿದ್ದ ವರ್ನಿ ಎಂಬ ಜಮೀನುದಾರರ ಮನೆಯೊಳಗೂ ಬಂತು.

ತಂದೆ ಸರ್ ಎಡ್ಮಂಡ್ ದೊರೆಯ ಧ್ವಜ ಹಿಡಿದವನು. ದೊರೆಯ ನಿಲುವು ಆತನಿಗೆ ಒಪ್ಪಿಗೆಯಿರಲಿಲ್ಲ. ಉಂಡ ಮನೆಗೆ ಎರಡು ಬಗೆಯಲಾರದೆ ಹೋಗಿ, 1642ರಲ್ಲಿ ಎಜ್‌ಹಿಲ್ ಕದನದಲ್ಲಿ ಮಡಿದ. ಹಿರಿಯ ಮಗ ರಾಲ್ಫ್ ಪಾರ್ಲಿಮೆಂಟಿನ ಪಕ್ಷದವನು. ಆದರೆ ಅದು ಕೇಳಿದ ಧಾರ್ಮಿಕ ಪ್ರತಿಜ್ಞೆಗೆ ಮನಸ್ಸೊಪ್ಪದೆ 1643ರಲ್ಲಿ ಸಂಸಾರ ಸಮೇತ ಫ್ರಾನ್ಸಿಗೆ ಹೋದ. ಜಮೀನು ಜಪ್ತಿಯಾಯಿತು.

ಅದನ್ನು ಬಿಡಿಸಿದವಳು ಹೆಂಡತಿ ಮೇರಿ. ನನಗಂತೂ ಈ ಕಥೆಯಲ್ಲಿ ದೊಡ್ಡವಳು ಆಕೆಯೇ. 1646ರಲ್ಲಿ ಗಂಡನನ್ನು ಬಿಟ್ಟು ಲಂಡನ್ನಿಗೆ ಬಂದಳು. ಬಲ್ಲವರ ಬಾಗಿಲುಗಳಿಗೆ ಅಲೆದಳು. ಈ ಓಡಾಟದ ನಡುವೆಯೇ ಆಕೆಯ ಇಬ್ಬರು ಮಕ್ಕಳು ತೀರಿಕೊಂಡರು. 1648ರ ಜನವರಿಯಲ್ಲಿ ಜಪ್ತಿ ತೆರವಾಯಿತು. 1650ರಲ್ಲಿ ಮೇರಿ ಫ್ರಾನ್ಸಿನಲ್ಲೇ ಕಣ್ಣುಮುಚ್ಚಿದಳು. ರಾಲ್ಫ್ 1653ರಲ್ಲಿ ಊರಿಗೆ ಮರಳಿದ.

ಇಷ್ಟೆಲ್ಲ ನಮಗೆ ಗೊತ್ತಾಗುವುದು ಹೇಗೆ? ರಾಲ್ಫ್ ಒಂದು ಚೀಟಿಯನ್ನೂ ಎಸೆಯುವವನಲ್ಲ. ಆ ಶತಮಾನದ ಸುಮಾರು 30,000 ಕಾಗದಗಳು ಆ ಮನೆಯಲ್ಲಿ ಉಳಿದವು. ಫ್ಲಾರೆನ್ಸ್ ನೈಟಿಂಗೇಲಳ ಅಕ್ಕ ಪಾರ್ಥಿನೋಪ್ 1858ರಲ್ಲಿ ಆ ಮನೆಯ ಸೊಸೆಯಾಗಿ ಬಂದು, ಅವನ್ನು ಓದಿ ಮನೆತನದ ಚರಿತ್ರೆ ಬರೆಯತೊಡಗಿದಳು.